ದುಬಾರೆ ದಂಡೆಯಲ್ಲಿ ಹೂಕೋಸು

ಹುತ್ತರಿ ಹಬ್ಬ ಮುಗಿದು ಕಾವೇರಿ ಇಳಿಯುತ್ತಿದ್ದಂತೆ ಕೊಡಗಿನ ದುಬಾರೆಯ ಬಂಡೆಗಳು ತಲೆ ಎತ್ತುತ್ತವೆ. ಹೊಳೆ ದಂಡೆಯಲ್ಲಿ ಕೂತು ಜಲವರ್ಣ ಮಾಡುವವರಿಗೆ ಅಲ್ಲಿಂದ ಫೆಬ್ರವರಿವರೆಗೆ ಸುಗ್ಗಿ. ಅದರ ಹಿಂದೆಯೇ ಒಂದೇ ಥರ ಕೆಟ್ಟ ಚಿತ್ರಗಳೂ ತಿದ್ದಲು ನನ್ನ ಬಳಿ ಬರುತ್ತವೆ. ಮಂಜಿನ ನಡುವೆಯೋ ನೀರಿನ ನಡುವೆಯೋ ಹೂಕೋಸಿನ ಅಂಚಿನಂಥ ಕಲೆ. ‘ಹಾಳೆ ಸರಿಯಿಲ್ಲ ಸರ್’ ಎನ್ನುವುದು ಮೊದಲ ದೂರು. ‘ವಿಡಿಯೋದಲ್ಲಿ ಒಣಗಲು ಎರಡು ನಿಮಿಷ ಬಿಡಿ ಅಂದಿದ್ರು, ನಾನು ಐದು ನಿಮಿಷ ಬಿಟ್ಟಿದ್ದೆ’ ಎನ್ನುವುದು ಎರಡನೆಯದು.

ಯಾವ ಊರಿನ ಎರಡು ನಿಮಿಷ? ಒಣ ಹವೆಯ ಕೋಣೆಯಲ್ಲಿ ಫ್ಯಾನಿನಡಿ ಒಣಗಿದ ವಾಶ್‌ನ (ಹಾಳೆಗೆ ತೆಳುವಾಗಿ ಬಳಿದ ಬಣ್ಣದ ನೀರಿನ) ಲೆಕ್ಕ, ಬೆಳಗಿನ ಎಂಟು ಗಂಟೆಗೆ ಮಂಜು ಕವಿದ ಹೊಳೆ ದಡಕ್ಕೆ ಹೊಂದುವುದಿಲ್ಲ. ಗಾಳಿಯಲ್ಲೇ ನೀರು ತುಂಬಿರುವಾಗ ಹಾಳೆಯ ನೀರು ಎಲ್ಲಿಗೆ ಹೋಗಬೇಕು? ಇದೇ ಜನ ಭಾನುವಾರ ಸಂಪಾಜೆ ಘಾಟಿ ಇಳಿದು ಮಂಗಳೂರಿನ ಹತ್ತಿರದ ಸೋಮೇಶ್ವರದ ಕಡಲ ಬಂಡೆಗಳನ್ನು ಬರೆಯಲು ಕೂತರೆ ಅಲ್ಲಿ ತದ್ವಿರುದ್ಧ. ಮಧ್ಯಾಹ್ನದ ಬಿಸಿಲು, ಬೀಸುವ ಗಾಳಿ ಎರಡೂ ಸೇರಿ, ಕುಂಚ ಹಾಳೆಯ ಬಲತುದಿ ಮುಟ್ಟುವಷ್ಟರಲ್ಲಿ ಎಡತುದಿ ಒಣಗಿ ಗೆರೆ ಕಟ್ಟಿರುತ್ತದೆ. ಅಲ್ಲಿ ಹಾಳೆಯ ಹಿಂಬದಿಯನ್ನೂ ನೆನೆಸಿ ಪ್ಲಾಸ್ಟಿಕ್ ಬೋರ್ಡಿಗೆ ಅಂಟಿಸಿಕೊಂಡರೆ ಒಂದಿಷ್ಟು ಸಮಯ ಸಿಗುತ್ತದೆ. ದುಬಾರೆಯಲ್ಲಿ ಆ ಉಪಾಯ ಮಾಡಿದರೆ ಊಟದ ಹೊತ್ತಾದರೂ ಚಿತ್ರ ಒಣಗಲಿಕ್ಕಿಲ್ಲ.

ತಮಾಷೆಯೆಂದರೆ ಇವರಲ್ಲಿ ಹೆಚ್ಚಿನವರು ತೋಟದವರು. ಕಣದಲ್ಲಿ ಹರಡಿದ ಚೆರಿ ಕಾಫಿ ಒಣಗಿತೇ ಎಂದು ಕ್ಯಾಲೆಂಡರ್ ನೋಡುವುದಿಲ್ಲ. ಒಂದು ಹಿಡಿ ಎತ್ತಿ ಅಲ್ಲಾಡಿಸಿ, ಗಲಗಲ ಸದ್ದು ಕೇಳಿ ಹೇಳುತ್ತಾರೆ. ಹಾಳೆಯ ಮುಂದೆ ಕೂತ ಕೂಡಲೇ ಆ ಬುದ್ಧಿಯೆಲ್ಲ ಮೊಬೈಲಿನ ಟೈಮರಿಗೆ ಒಪ್ಪಿಸಿಬಿಡುತ್ತಾರೆ.

ನೋಡಬೇಕಾದ್ದು ಹೊಳಪು. ಬೋರ್ಡನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಬೆಳಕಿಗೆ ಓರೆಯಾಗಿ ಹಿಡಿಯಿರಿ. ಕನ್ನಡಿಯಂತೆ ಮಿರುಗುತ್ತಿದ್ದರೆ ನೀರು ಮೇಲೆಯೇ ನಿಂತಿದೆ, ಇಟ್ಟ ಬಣ್ಣ ಎಲ್ಲಿಗೆ ಬೇಕಾದರೂ ಓಡುತ್ತದೆ. ಸ್ವಲ್ಪ ಹೊತ್ತಿಗೆ ಹಾಳೆಯ ತರಿತರಿ ಮೇಲ್ಮೈ ಕಾಣತೊಡಗಿ, ಹೊಳಪು ರೇಷ್ಮೆಯ ಹಾಗೆ ಮಂಕಾಗುತ್ತದೆ. ಮಂಜಿನೊಳಗಿನ ಸಿಲ್ವರ್ ಓಕ್, ಆಚೆ ದಡದ ಬಿದಿರ ಮೆಳೆ, ಇವನ್ನೆಲ್ಲ ಇಡಬೇಕಾದ್ದು ಈ ಹೊತ್ತಿನಲ್ಲಿ. ಅಂಚು ಮೆತ್ತಗೆ ಹರಡುತ್ತದೆ, ಆಕಾರ ಉಳಿಯುತ್ತದೆ. ಆಮೇಲೆ ಹೊಳಪು ಪೂರ್ತಿ ಹೋಗುತ್ತದೆ. ಹಾಳೆ ಒಣಗಿದಂತೆಯೇ ಕಾಣುತ್ತದೆ, ಆದರೆ ಒಳಗೆ ಹಸಿ. ಹೂಕೋಸು ಹುಟ್ಟುವುದು ಇಲ್ಲಿ. ಬಿಸಿಲೂರಿನಲ್ಲಿ ಈ ಘಟ್ಟ ಗೊತ್ತೇ ಆಗದಂತೆ ದಾಟಿಹೋಗುತ್ತದೆ. ಕೊಡಗಿನ ಬೆಳಗಿನಲ್ಲಿ ಅದು ಎಷ್ಟು ಹೊತ್ತು ಎಳೆಯುತ್ತದೆಂದು ನಾನು ಅಂಕಿ ಕೊಡುವುದಿಲ್ಲ. ಕೊಟ್ಟರೆ ಅದನ್ನೂ ಟೈಮರಿಗೆ ಹಾಕುತ್ತೀರಿ.

ಕಲೆ ಯಾಕಾಗುತ್ತದೆ? ಅರೆಹಸಿ ಹಾಳೆಗೆ ಅದಕ್ಕಿಂತ ಹೆಚ್ಚು ನೀರಿರುವ ಕುಂಚ ತಾಗಿದಾಗ, ಆ ನೀರು ಸುತ್ತಲಿನ ಒಣ ಕಡೆಗೆ ನುಗ್ಗುತ್ತದೆ. ಆಗಲೇ ಕೂತಿದ್ದ ಬಣ್ಣದ ಕಣಗಳನ್ನು ತಳ್ಳಿಕೊಂಡು ಹೋಗಿ, ಶಕ್ತಿ ಮುಗಿದಲ್ಲಿ ದಡ ಕಟ್ಟುತ್ತದೆ. ಹಾಗಾಗಿ ತಿಳಿದಿರಬೇಕಾದ್ದು ಇಷ್ಟು: ಹೊಳಪು ಮಂಕಾದ ಮೇಲೆ ಕುಂಚದಲ್ಲಿ ಹಾಳೆಗಿಂತ ಕಡಿಮೆ ನೀರಿರಬೇಕು. ಮೊದಲ ವಾಶ್ ತಿಳಿಸಾರಿನಂತಿದ್ದರೆ ರೇಷ್ಮೆ ಹೊಳಪಿನ ಹೊತ್ತಿಗೆ ಮಜ್ಜಿಗೆ, ಇನ್ನೂ ಒಣಗಿದ್ದರೆ ಜೋನಿಬೆಲ್ಲ. ಎಲ್ಲರೂ ತಪ್ಪುವುದು ಬಣ್ಣದಲ್ಲಲ್ಲ, ಕುಂಚ ತೊಳೆದ ಮೇಲೆ. ಕೂದಲಿನ ಬುಡದಲ್ಲಿ, ತಗಡಿನ ಕೊರಳ ಹತ್ತಿರ, ಒಂದು ದೊಡ್ಡ ಹನಿ ಅಡಗಿರುತ್ತದೆ. ತುದಿಯನ್ನಷ್ಟೇ ಒರೆಸಿದರೆ ಅದು ಮೂರನೇ ಎಳೆತಕ್ಕೆ ಇಳಿಯುತ್ತದೆ. ಹಳೆ ಪಂಚೆಯ ತುಂಡನ್ನು ಎಡಗೈಯಲ್ಲಿಟ್ಟುಕೊಂಡು ಬುಡವನ್ನು ಎರಡು ಸಲ ಒತ್ತಿ, ಆಮೇಲೆ ಬಣ್ಣ ಮುಟ್ಟಿ. ಟಿಶ್ಯೂ ಆದೀತು, ಪಂಚೆಯೇ ಮೇಲು.

ಪೂರ್ತಿ ಒಣಗಿತೇ ಎಂದು ತಿಳಿಯಲು ಬೆರಳ ಹಿಂಬದಿಯನ್ನು ಮೆಲ್ಲಗೆ ತಾಗಿಸಿ, ತಣ್ಣಗಿದ್ದರೆ ಇನ್ನೂ ಹಸಿ ಎನ್ನುತ್ತಾರೆ. ಸರಿಯೇ. ಆದರೆ ಮಂಜಿನಲ್ಲಿ ಎಲ್ಲವೂ ತಣ್ಣಗೇ ಇರುತ್ತದೆ. ಬಣ್ಣ ತಾಗದ ಅಂಚನ್ನೂ ಮುಟ್ಟಿ, ಎರಡನ್ನೂ ಹೋಲಿಸಿ. ಉಬ್ಬಿದ್ದ ಹಾಳೆ ಮತ್ತೆ ಚಪ್ಪಟೆಯಾದದ್ದು ಇನ್ನೊಂದು ಗುರುತು. 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ಹತ್ತಿ ಹಾಳೆಯಾದರೆ ನೀರನ್ನು ಒಳಗೆ ಹೆಚ್ಚು ಹೊತ್ತು ಹಿಡಿದಿಡುತ್ತದೆ, ಇನ್ನಷ್ಟು ತಾಳ್ಮೆ ಬೇಕು.

ತಾಳ್ಮೆಯಿಲ್ಲದವರು ಎರಡು ಬೋರ್ಡ್ ಒಯ್ಯಿರಿ. 22×30 ಇಂಚಿನ ಹಾಳೆಯನ್ನು ನಾಲ್ಕು ಮಾಡಿದರೆ 11×15, ದಂಡೆಯ ಕೆಲಸಕ್ಕೆ ಅದು ಸಾಕು. ಒಂದರಲ್ಲಿ ಮಂಜು ಒಣಗುವಾಗ ಇನ್ನೊಂದರಲ್ಲಿ ಬಂಡೆಗಳ ಪೆನ್ಸಿಲ್ ಸ್ಕೆಚ್ ಮಾಡಿ. ಕಾರಿನ ಬಾನೆಟ್ ಬೆಚ್ಚಗಿದ್ದರೆ ಅದರ ಮೇಲೆ ಬೋರ್ಡನ್ನು ಚಪ್ಪಟೆಯಾಗಿ ಇಡಬಹುದು. ಹೇರ್ ಡ್ರೈಯರ್ ಹಿಡಿಯುವುದಾದರೆ ಹೊಳಪು ಹೋದ ಮೇಲೆ, ಒಂದಡಿ ದೂರದಿಂದ. ಮಿರುಗುತ್ತಿರುವಾಗ ಹಿಡಿದರೆ ಗಾಳಿ ನೀರನ್ನು ಮೂಲೆಗೆ ಅಟ್ಟಿ ಅಲ್ಲೊಂದು ಹೂಕೋಸು ಮಾಡುತ್ತದೆ.

ಮಂಜಿಗೆ ಬಿಳಿ ಬಣ್ಣ ಬೇಡ, ಹಾಳೆಯ ಬಿಳಿಯೇ ಮಂಜು. ನೀರಿನೊಳಗಿನ ಪ್ರತಿಬಿಂಬದಲ್ಲಿ ಕಪ್ಪು ಬಂಡೆ ತುಸು ತಿಳಿಯಾಗಿ, ಬೆಳಗುವ ಆಕಾಶ ತುಸು ಗಾಢವಾಗಿ ಬೀಳುತ್ತದೆ.

ಹಾಳೆಯದೇ ತಪ್ಪು ಇರಬಾರದೆಂದಲ್ಲ. ಒಂದು ಮಳೆಗಾಲ ಗೋಡೆಗೆ ಒರಗಿ ಕೂತ ಹಾಳೆಯಲ್ಲಿ ನೀರು ತಟ್ಟನೆ ಇಂಗದಂತೆ ತಡೆಯುವ ಸರೇಸಿನ ಲೇಪವನ್ನು ಬೂಷ್ಟು ತಿಂದಿರುತ್ತದೆ. ಮೂಲೆಗೆ ಒಂದು ಹನಿ ನೀರು ಬಿಡಿ. ಹನಿ ಉಬ್ಬಿ ನಿಂತರೆ ಹಾಳೆ ಚೆನ್ನಾಗಿದೆ. ಬಿದ್ದ ಕೂಡಲೇ ಇಂಗಿ ಕಪ್ಪು ಮಚ್ಚೆಯಾದರೆ ಅದು ಒತ್ತುಕಾಗದಕ್ಕೆ ಸಮ, ಯಾವ ಜಾಣತನವೂ ಅದರ ಮೇಲೆ ನಡೆಯದು. ಇದ್ದಿಲಿನ ಸ್ಕೆಚ್ಚಿಗೆ ಬಳಸಿ. ಉಳಿದವನ್ನು ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಬೀರುವಿನ ಮೇಲಿನ ಖಾನೆಯಲ್ಲಿ ಮಲಗಿಸಿ. ಮೇ ತಿಂಗಳ ಬಿಸಿಲಿರುವಾಗಲೇ ಕಟ್ಟಬೇಕು, ಮಳೆ ಹಿಡಿದ ಮೇಲೆ ಕಟ್ಟಿದರೆ ತೇವವನ್ನೇ ಒಳಗಿಟ್ಟು ಕಟ್ಟಿದಂತೆ.