ಮಾತು ಮುಗಿಯಿತೇ, ಮುರಿಯಿತೇ?

ನಮ್ಮ ನಾಯಕರಿಗೆ ಮಾತಾಡಲು ಬಿಡಲೇ ಇಲ್ಲ, ಅವರ ನಾಯಕರನ್ನು ಮಾತ್ರ ತಲೆ ಸವರಿ ಕಳಿಸಿದರು. ಟಿವಿ ಸಂದರ್ಶನದ ಮೇಲಿನ ಈ ದೂರನ್ನು ಈಗ ಎರಡೂ ಕಡೆಯವರು ಲೆಕ್ಕ ಸಮೇತ ಕೊಡುತ್ತಾರೆ: ನಿರೂಪಕ ಎಷ್ಟು ಸಲ ನಡುವೆ ಬಾಯಿ ಹಾಕಿದ, ಯಾರ ಮಾತಿಗೆ ಹಾಕಿದ.

1950ರ ದಶಕದ ಆರಂಭದ ಬ್ರಿಟನ್ನಿನಲ್ಲಿ ಈ ಲೆಕ್ಕಕ್ಕೆ ಕೆಲಸವೇ ಇರಲಿಲ್ಲ; ಸಚಿವರು ಹೇಳಿದ್ದಕ್ಕೆ ಸಂದರ್ಶಕ ತಲೆಯಾಡಿಸಿದರೆ ಆಯಿತು. 1955ರಲ್ಲಿ ಐಟಿಎನ್ ಎಂಬ ಖಾಸಗಿ ಟಿವಿ ಸುದ್ದಿ ಸಂಸ್ಥೆ ಶುರುವಾಯಿತು, ಸಂದರ್ಶಕ ರಾಬಿನ್ ಡೇ ಅವರಂಥವರ ಕಟು ಪ್ರಶ್ನೆಗಳು ಬಂದವು. 1982ರಲ್ಲಿ ಅದೇ ಡೇ, ರಕ್ಷಣಾ ಸಚಿವ ಜಾನ್ ನಾಟ್ ಅವರನ್ನು ಇಂದು ಬಂದು ನಾಳೆ ಹೋಗುವ ರಾಜಕಾರಣಿ ಎಂದಾಗ ನಾಟ್ ಮೈಕು ಕಿತ್ತಿಟ್ಟು ಎದ್ದು ನಡೆದರು. 1997ರಲ್ಲಿ ಬಿಬಿಸಿಯ ಜೆರೆಮಿ ಪ್ಯಾಕ್ಸ್‌ಮನ್ ಮಾಜಿ ಗೃಹ ಸಚಿವ ಮೈಕೆಲ್ ಹೊವರ್ಡ್ ಅವರಿಗೆ ಒಂದೇ ಪ್ರಶ್ನೆಯನ್ನು ಹತ್ತಕ್ಕೂ ಹೆಚ್ಚು ಸಲ ಕೇಳಿದರು.

ಗಂಟು ಇರುವುದು ಮಾತ್ರ 1979ರ ಒಂದು ಟೇಪಿನಲ್ಲಿ. ಆಗಿನ್ನೂ ವಿರೋಧ ಪಕ್ಷದ ನಾಯಕಿಯಾಗಿದ್ದ ಮಾರ್ಗರೆಟ್ ಥ್ಯಾಚರ್ ಅವರನ್ನು ಟಿವಿ ಪತ್ರಕರ್ತ ಡೆನಿಸ್ ಟೂಹಿ ಸಂದರ್ಶಿಸಿದ್ದರು. ಥ್ಯಾಚರ್ ಮಾತು ಪದೇಪದೇ ತುಂಡಾಗುತ್ತಿತ್ತು. ಮನಶ್ಶಾಸ್ತ್ರಜ್ಞ ಜೆಫ್ರಿ ಬೀಟಿ ಮತ್ತು ಸಂಗಡಿಗರು ಆ ತುಣುಕುಗಳನ್ನು ಬೇರೆಯವರ ಮುಂದಿಟ್ಟು, ಇಲ್ಲಿ ಆಕೆಯ ಮಾತು ಮುಗಿಯಿತೇ ಎಂದು ಕೇಳಿದರು. ಎಷ್ಟೋ ಕಡೆ ಮುಗಿಯಿತೆಂದೇ ಉತ್ತರ ಬಂತು. ಕಾರಣ ದನಿ. ಹೇಳುವುದು ಇನ್ನೂ ಇರುವಾಗಲೇ ವಾಕ್ಯದ ತುದಿಯಲ್ಲಿ ಅದು ಸರ್ರನೆ ಇಳಿಯುತ್ತಿತ್ತು. ಎದುರಿಗಿದ್ದವರ ಕಿವಿಗೆ ಅದು ‘ನನ್ನದಾಯಿತು, ಇನ್ನು ನೀವು’ ಎಂಬ ಸನ್ನೆ. 1982ರಲ್ಲಿ ಇದು ನೇಚರ್ ಎಂಬ ವಿಜ್ಞಾನ ಪತ್ರಿಕೆಯಲ್ಲಿ ಬಂತು.

ಹಾಗೆಂದು ನಿರೂಪಕರೆಲ್ಲ ಸಾಚಾಗಳೇನಲ್ಲ. ಉತ್ತರ ಶುರುವಾಗುವ ಮೊದಲೇ ಮೇಲೆ ಬೀಳುವವರೂ ಇದ್ದಾರೆ. ಆದರೆ ಕೇಳಿದ್ದೊಂದು, ಹೇಳುತ್ತಿರುವುದು ಇನ್ನೊಂದು ಆದಾಗ ಸುಮ್ಮನೆ ಕೂತರೆ ಅದು ಸಂದರ್ಶನವಲ್ಲ, ಪುಕ್ಕಟೆ ಪ್ರಚಾರ. ಬರೀ ಎಣಿಕೆಗೆ ಎರಡೂ ಒಂದೇ. ಕಿವಿಯೊಳಗಿನ ಇಯರ್‌ಪೀಸ್‌ನಲ್ಲಿ ‘ಮುಗಿಸಿ, ಹತ್ತೇ ಸೆಕೆಂಡು’ ಎನ್ನುವ ನಿರ್ಮಾಪಕರು ಅದರಲ್ಲಿ ಕಾಣುವುದಿಲ್ಲ. ಉಪಗ್ರಹದ ಸಂಪರ್ಕದಲ್ಲಿ ದನಿ ಅರೆಕ್ಷಣ ತಡವಾಗಿ ತಲುಪಿ ಇಬ್ಬರೂ ಒಟ್ಟಿಗೆ ಮಾತಾಡಿಬಿಡುವುದೂ ಕಾಣುವುದಿಲ್ಲ.

ಇನ್ನು ನೋಡುವವರ ಕಣ್ಣು. 1982ರಲ್ಲಿ ಲೆಬನಾನ್ ರಾಜಧಾನಿ ಬೈರೂತ್‌ನಲ್ಲಿ ನಡೆದ ಪ್ಯಾಲೆಸ್ತೀನಿ ನಿರಾಶ್ರಿತರ ಹತ್ಯಾಕಾಂಡದ ಟಿವಿ ವರದಿಗಳನ್ನು ಸ್ಟ್ಯಾನ್‌ಫರ್ಡ್‌ನ ಸಂಶೋಧಕರು ಇಸ್ರೇಲ್ ಪರ ಮತ್ತು ಅರಬ್ಬರ ಪರ ಇದ್ದ ವಿದ್ಯಾರ್ಥಿಗಳಿಗೆ ತೋರಿಸಿ, 1985ರಲ್ಲಿ ಫಲಿತಾಂಶ ಪ್ರಕಟಿಸಿದರು. ಎರಡೂ ಗುಂಪು ನೋಡಿದ್ದು ಅದೇ ಟೇಪು. ಇದನ್ನು ಯಾವ ಪಕ್ಷಕ್ಕೂ ಸೇರದವರು ನೋಡಿದರೆ ನಮ್ಮ ಮೇಲೆಯೇ ತಿರುಗಿಬೀಳುತ್ತಾರೆ ಎಂದು ಎರಡೂ ಗುಂಪು ಹೇಳಿತು.