ತೊಟ್ಟಿಕ್ಕುತ್ತಿದೆ ಅಂದರೆ ಖಾಲಿಯಾಗುತ್ತಿದೆ ಅಂತಲ್ಲ

"ಡಾಕ್ಟ್ರೇ, ಉಚ್ಚೆ ನಿಲ್ತಾನೇ ಇಲ್ಲ. ನಿಲ್ಲೋಕೆ ಏನಾದ್ರೂ ಮಾತ್ರೆ ಕೊಡಿ."

ಮೂತ್ರರೋಗ ವಿಭಾಗದಲ್ಲಿ ಈ ಮಾತು ಕೇಳದ ವಾರವೇ ಇಲ್ಲ. ಕಳೆದ ಮಳೆಗಾಲದಲ್ಲಿ ಹೀಗಂದವರು ನಿವೃತ್ತ ಬಸ್ ಕಂಡಕ್ಟರ್. ಸಕ್ಕರೆ ಕಾಯಿಲೆ ಬಂದು ಹದಿನೆಂಟು ವರ್ಷ. ಪಂಚೆ ಒದ್ದೆಯಾಗುತ್ತದೆಂದು ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದರು. ಯಾರೋ ಹೇಳಿದ ಮಾತ್ರೆಯನ್ನೂ ನುಂಗಿ ನೋಡಿದ್ದರು.

ಮಲಗಿಸಿ ಹೊಕ್ಕುಳ ಕೆಳಗೆ ಕೈಯಿಟ್ಟರೆ ಎಳನೀರಿನ ಗಾತ್ರದ ಉಬ್ಬು. ಒತ್ತಿದರೂ "ಏನೂ ಅನ್ನಿಸ್ತಿಲ್ಲ" ಅಂದರು. ಟ್ಯೂಬ್ ಹಾಕಿದಾಗ ಬಂದದ್ದು 1,100 ಎಂ.ಎಲ್. ನಿಮಗೂ ನನಗೂ 400-500 ತುಂಬುವಷ್ಟರಲ್ಲಿ ಕೂತಲ್ಲಿ ಕೂರಲಾಗುವುದಿಲ್ಲ.

ಕೋಡಿ ಹರಿಯುವ ಕೆರೆಯನ್ನು ಖಾಲಿ ಅನ್ನುತ್ತೇವೆಯೇ? ಇಲ್ಲಿಯೂ ಅಷ್ಟೇ. ಮೂತ್ರಚೀಲ ತುಂಬಿ, ಹಿಡಿಸಲಾರದ್ದು ಮಾತ್ರ ಹನಿಹನಿಯಾಗಿ ಹೊರಗೆ ಬರುತ್ತಿದೆ. ಮತ್ತೆ ಹೇಳುತ್ತೇನೆ, ಏಕೆಂದರೆ ಕೇಳಿದವರೂ ಮರೆಯುತ್ತಾರೆ: ಹನಿಯುವುದು ಮೂತ್ರ ಜಾಸ್ತಿ ಹೋಗಿ ಅಲ್ಲ, ಪೂರ್ತಿ ಹೋಗದೆ.

ಸೊಂಟದ ಕೆಳಗಿನ ತ್ರಿಕಾಸ್ಥಿಯ ರಂಧ್ರಗಳಿಂದ ಎಸ್2, ಎಸ್3, ಎಸ್4 ನರಗಳು ಹೊರಡುತ್ತವೆ. ಅವುಗಳ ಒಂದು ಕವಲು ಚೀಲ ತುಂಬಿದ ಸುದ್ದಿ ಒಯ್ಯುತ್ತದೆ, ಚೀಲವನ್ನು ಹಿಂಡುತ್ತದೆ. ಇನ್ನೊಂದು, ಪ್ಯುಡೆಂಡಲ್ ನರ, ಮೂತ್ರ ತಡೆಯುವ ನಲ್ಲಿಯಂಥ ಸ್ನಾಯುವನ್ನು ಬಿಗಿಹಿಡಿಯುತ್ತದೆ. ವರ್ಷಗಟ್ಟಲೆ ಏರಿದ ಸಕ್ಕರೆ ಸಾಮಾನ್ಯವಾಗಿ ಮೊದಲು ಸುದ್ದಿಯನ್ನು ಮಂಕು ಮಾಡುತ್ತದೆ. ಹಿಂಡುವ ಬಲ ಆಮೇಲೆ ಹೋಗುತ್ತದೆ. "ದಿನಕ್ಕೆ ಎರಡೇ ಸಲ ಹೋಗೋದು, ಟ್ರಿಪ್ ಮುಗಿಯೋವರೆಗೂ ತಡ್ಕೋತಿದ್ದೆ" ಎಂದು ನಮ್ಮ ಕಂಡಕ್ಟರ್ ಹೆಮ್ಮೆಪಟ್ಟದ್ದೂ ಕಾಯಿಲೆಯ ಲಕ್ಷಣವೇ ಇರಬಹುದು. 'ನಿಲ್ಲಿಸುವ' ಮಾತ್ರೆಗಳಲ್ಲಿ ಹಲವು ಚೀಲ ಹಿಂಡುವ ಆ ಸೋತ ಸ್ನಾಯುವನ್ನೇ ಇನ್ನಷ್ಟು ಸಡಿಲಿಸುತ್ತವೆ. ಉಳಿದ ಮೂತ್ರದಲ್ಲಿ ಸೋಂಕು ಹತ್ತಬಹುದು, ಕಿಡ್ನಿಗೂ ಪೆಟ್ಟು ಬೀಳಬಹುದು.

ಹನಿಯುವವರೆಲ್ಲ ಹೀಗೆಯೇ ಅಂತಲ್ಲ. ಗಂಡಸರಲ್ಲಿ ಪ್ರಾಸ್ಟೇಟ್ ಅಡ್ಡವಾಗಿರಬಹುದು. ಕೆಮ್ಮಿದಾಗ ಸೋರುವ ಹೆಂಗಸರ ಕತೆ ಬೇರೆ. ಹಾಗಾಗಿಯೇ ಮಾತ್ರೆಗೆ ಮೊದಲು, ಮೂತ್ರ ಮಾಡಿ ಬಂದ ಮೇಲೆ ಸ್ಕ್ಯಾನಿನಲ್ಲಿ ಎಷ್ಟು ಉಳಿದಿದೆ ನೋಡಿಸಿ. ಬೆನ್ನುನೋವಿನ ಜೊತೆಗೆ ಕೂರುವ ಜಾಗ ಮರಗಟ್ಟಿ ಮೂತ್ರ ಕಟ್ಟಿದರೆ ಮಾತ್ರ ನನ್ನ ಅಪಾಯಿಂಟ್‌ಮೆಂಟಿಗೆ ಕಾಯಬೇಡಿ. ಅದೇ ಗಳಿಗೆ ದೊಡ್ಡಾಸ್ಪತ್ರೆಗೆ ಹೋಗಿ.

ಕಂಡಕ್ಟರ್‌ಗೆ ಟ್ಯೂಬನ್ನು ತಾವೇ ಹಾಕಿ ತೆಗೆಯುವುದನ್ನು ಕಲಿಸಿದೆವು. 1972ರಲ್ಲಿ ಅಮೆರಿಕದ ಮೂತ್ರರೋಗ ತಜ್ಞ ಲ್ಯಾಪಿಡೀಸ್ ತೋರಿಸಿಕೊಟ್ಟ ದಾರಿಯಿದು: ಶಸ್ತ್ರಚಿಕಿತ್ಸೆಯ ಮಡಿ ಬೇಡ, ಚೊಕ್ಕ ಕೈ ಸಾಕು. "ಥೂ, ಈ ವಯಸ್ಸಲ್ಲಿ ಇದೊಂದು" ಎಂದು ಗೊಣಗಿದರು. ಮುಂದಿನ ತಿಂಗಳು ಬಂದಾಗ ಕೈಯಲ್ಲಿ ಒಂದು ನೋಟ್‌ಪುಸ್ತಕ. ಬಸ್ಸಿನ ಟಿಕೆಟ್ ಲೆಕ್ಕದ ಹಳೇ ವೇ ಬಿಲ್ಲಿನ ಹಾಗೆ ಗೆರೆ ಹಾಕಿ, ಗಂಟೆ, ತಾವಾಗಿ ಹೋದದ್ದು, ಟ್ಯೂಬಿನಲ್ಲಿ ಬಂದದ್ದು ಎಲ್ಲ ಬರೆದಿದ್ದರು. ಪುಟದ ಕೆಳಗೆ ಕಂಡಕ್ಟರ್ ಸಹಿ.