ಕಥೆ ಇಳಿದದ್ದು ತಪ್ಪು ನಿಲ್ದಾಣದಲ್ಲಿ

ಜಪಾನಿನ ಮೂಲೆಯೊಂದರ ರೈಲು ನಿಲ್ದಾಣವನ್ನು ಪ್ರಯಾಣಿಕರಿಲ್ಲವೆಂದು ಮುಚ್ಚಲು ಹೊರಟಿದ್ದರಂತೆ. ಒಬ್ಬಳೇ ಹುಡುಗಿ ಅಲ್ಲಿಂದ ಶಾಲೆಗೆ ಹೋಗುತ್ತಾಳೆಂದು ತಿಳಿದು, ಅವಳ ಓದು ಮುಗಿಯುವವರೆಗೆ ಅವಳಿಗಾಗಿಯೇ ರೈಲು ನಿಲ್ಲಿಸಿದರಂತೆ. 2016ರ ಜನವರಿಯಲ್ಲಿ ಚೀನಾದ ಸರ್ಕಾರಿ ವಾಹಿನಿಯ ಫೇಸ್‌ಬುಕ್ ಪುಟದಿಂದ ಜಗತ್ತು ಸುತ್ತಲು ಹೊರಟ ಈ ಕಥೆ ನಮ್ಮ ವಾಟ್ಸ್‌ಆ್ಯಪ್ ಗುಂಪುಗಳಿಗೂ ಬಂತು. ಹುಡುಗಿ ಇದ್ದದ್ದು ನಿಜ, ನಿಲ್ದಾಣ ಮುಚ್ಚಿದ್ದೂ ನಿಜ. ಗೋಜಲಿರುವುದು ನಡುವಿನ ಎಳೆಯಲ್ಲಿ.

ಕಥೆ ಹೆಸರಿಸಿದ್ದು ಹೊಕ್ಕೈಡೋ ದ್ವೀಪದ ಸೆಕಿಹೊಕು ಮಾರ್ಗದ ಕಾಮಿ-ಶಿರಾತಾಕಿಯನ್ನು. ಹುಡುಗಿ ಹತ್ತುತ್ತಿದ್ದದ್ದು ಕ್ಯೂ-ಶಿರಾತಾಕಿಯಲ್ಲಿ. ಶಿರಾತಾಕಿ ಎಂದರೆ ಬಿಳಿ ಜಲಪಾತ. ಕಾಮಿ ಎಂದರೆ ಮೇಲಿನದು, ಶಿಮೋ ಕೆಳಗಿನದು, ಕ್ಯೂ ಹಳೆಯದು, ಓಕು ಒಳಗಿನದು. ಒಂದೇ ಊರಿನ ಹೆಸರನ್ನು ಹಂಚಿಕೊಂಡು ಹಳಿಯುದ್ದಕ್ಕೂ ಕೂತ ನಿಲ್ದಾಣಗಳಿವು. ದೂರದವರು ಎಡವಿದ್ದರಲ್ಲಿ ಆಶ್ಚರ್ಯವೇನಿಲ್ಲ.

ಕಾಮಿ-ಶಿರಾತಾಕಿಯ ವೇಳಾಪಟ್ಟಿಯಲ್ಲಿ ಇದ್ದದ್ದು ಎರಡೇ ಅಂಕಿ: ಬೆಳಿಗ್ಗೆ 7:04, ಸಂಜೆ 17:08. ಶಾಲೆಗೆ ಹೋಗಿ ಬರುವ ಹೊತ್ತಿಗೆ ಅಚ್ಚುಕಟ್ಟಾಗಿ ಹೊಂದುವ ಈ ಅಂಕಿಗಳನ್ನು ನೋಡಿಯೇ ಜನ ಕರಗಿದರು. ಅಸಲಿಗೆ ಕಿತಾಮಿ ಘಟ್ಟವನ್ನು ದಾಟುವ ಪ್ಯಾಸೆಂಜರ್ ರೈಲು ದಿನಕ್ಕೆ ಹೋಗಲೊಂದು, ಬರಲೊಂದು, ಅಷ್ಟೇ. ದಾರಿಯಲ್ಲಿ ಸಿಕ್ಕ ನಿಲ್ದಾಣದಲ್ಲಿ ಅದು ನಿಲ್ಲುತ್ತಿತ್ತು. ಅದೇ ಬೆಳಗಿನ ರೈಲು 7:15ಕ್ಕೆ ಕ್ಯೂ-ಶಿರಾತಾಕಿಗೆ ಬಂದಾಗ ಹುಡುಗಿ ಹತ್ತುತ್ತಿದ್ದಳು. ಮರಳಲು ಅವಳಿಗೆ ಒಂದಲ್ಲ, ಮೂರು ರೈಲುಗಳಿದ್ದವು.

ಈ ಘಟ್ಟದ ಹಾದಿಗೆ ಕಠಿಣ ಚರಿತ್ರೆಯಿದೆ. 1891ರಲ್ಲಿ ಇಲ್ಲಿನ ರಸ್ತೆ ಕಡಿದವರು ಅಬಾಶಿರಿ ಜೈಲಿನ ಕೈದಿಗಳು. ಆ ಕೆಲಸದಲ್ಲಿ ಸತ್ತವರು ಇನ್ನೂರಕ್ಕೂ ಹೆಚ್ಚು. ರೈಲು ಘಟ್ಟ ದಾಟಿದ್ದು 1932ರಲ್ಲಿ, ಕಾಮಿ-ಶಿರಾತಾಕಿ ತೆರೆದದ್ದೂ ಆಗಲೇ. ಕ್ಯೂ-ಶಿರಾತಾಕಿ ಬಂದದ್ದು ಯುದ್ಧದ ನಂತರ, 1947ರಲ್ಲಿ.

ಮುಚ್ಚಿದ್ದಕ್ಕೆ ಕಾರಣ ಹುಡುಕಬೇಕಾದದ್ದು 1987ರಲ್ಲಿ. ಆ ವರ್ಷ ರಾಷ್ಟ್ರೀಯ ರೈಲ್ವೆಯನ್ನು ಒಡೆದು ಕಂಪನಿಗಳನ್ನಾಗಿ ಮಾಡಿದರು. ಜನ ವಿರಳ, ಹಿಮ ವಿಪರೀತ ಇರುವ ಹೊಕ್ಕೈಡೋದ ಪಾಲಿನ ಕಂಪನಿ ಲಾಭ ಕಾಣುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಅದಕ್ಕೇ 68,220 ಕೋಟಿ ಯೆನ್‌ಗಳ ನಿಧಿ ಕೊಟ್ಟು, ಬಡ್ಡಿಯಲ್ಲಿ ನಷ್ಟ ತುಂಬಿಕೊಳ್ಳಿ ಎಂದರು. ಮುಂದೆ ಜಪಾನಿನಲ್ಲಿ ಬಡ್ಡಿದರವೇ ನೆಲ ಕಚ್ಚಿತು. ಇತ್ತ ಹಳ್ಳಿಗಳೂ ಖಾಲಿಯಾದವು.

2016ರ ಮಾರ್ಚ್ 26ರಂದು ಕಾಮಿ, ಕ್ಯೂ, ಶಿಮೋ ಮೂರೂ ಶಿರಾತಾಕಿಗಳು ಒಟ್ಟಿಗೆ ಪಟ್ಟಿಯಿಂದ ಬಿದ್ದವು. ಜಪಾನಿನಲ್ಲಿ ಶಾಲಾ ವರ್ಷ ಮುಗಿಯುವುದು ಮಾರ್ಚ್‌ನಲ್ಲಿ, ರೈಲ್ವೆ ವೇಳಾಪಟ್ಟಿ ಬದಲಾಗುವುದೂ ಮಾರ್ಚ್‌ನಲ್ಲಿ. ಹೊಕ್ಕೈಡೋಗೆ ಮೊದಲ ಶಿಂಕಾನ್ಸೆನ್ ಬುಲೆಟ್ ರೈಲು ಬಂದದ್ದೂ ಅದೇ ದಿನ. ಇದನ್ನು ಮಾತ್ರ ಯಾರೂ ಫಾರ್ವರ್ಡ್ ಮಾಡಲಿಲ್ಲ. ಕರುಣಾಮಯಿ ಎಂದು ಲೋಕವೆಲ್ಲ ಹೊಗಳಿದ ಕಂಪನಿ ಅದೇ ನವೆಂಬರ್‌ನಲ್ಲಿ, ತನ್ನ ಜಾಲದ ಸುಮಾರು ಅರ್ಧದಷ್ಟು, 1,237 ಕಿಲೋಮೀಟರ್ ಮಾರ್ಗವನ್ನು ಒಬ್ಬಂಟಿಯಾಗಿ ನಡೆಸಲಾರೆ ಎಂದು ಕೈಚೆಲ್ಲಿತು. ಸೆಕಿಹೊಕು ಮಾರ್ಗವೂ ಆ ಪಟ್ಟಿಯಲ್ಲಿತ್ತು.

ಈಗ ಕಾಮಿಕಾವಾ ಬಿಟ್ಟರೆ ಮುಂದಿನ ನಿಲ್ದಾಣ ಶಿರಾತಾಕಿ, ನಡುವೆ 37.3 ಕಿಲೋಮೀಟರ್. 2001ರಲ್ಲೇ ನಿಲ್ದಾಣದ ಪಟ್ಟ ಕಳೆದುಕೊಂಡ ಓಕು-ಶಿರಾತಾಕಿ ಈ ಹಾದಿಯಲ್ಲೇ ಸಿಗುತ್ತದೆ. ಒಂಟಿ ಹಳಿಯಾದ್ದರಿಂದ ಎದುರು ರೈಲಿಗೆ ದಾರಿ ಬಿಡಲು ಅಲ್ಲಿ ಕ್ರಾಸಿಂಗ್ ಉಳಿಸಿಕೊಂಡಿದ್ದಾರೆ. ರೈಲು ನಿಂತರೂ ಬಾಗಿಲು ತೆರೆಯುವುದಿಲ್ಲ.